ಬೋರಲಿಂಗನ ಬೂದುಗುಂಬಳ

ಪೆದ್ದರು ಪ್ರತಿ ಊರಲ್ಲೂ ಇರುತ್ತಾರೆ. ನಿಮ್ಮ ಊರಲ್ಲೂ ಒಬ್ಬನಿರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ನಮ್ಮ ಮನೆಯ ಪೆದ್ದನ ಮುಂದೆ ನಿಮ್ಮವನು ನಿಲ್ಲಲಾರ. ನಮ್ಮವನು ನನ್ನ ಸ್ವಂತ ಅಕ್ಕನ ಮಗ. ನಾನು ಅವನ ಸೋದರಮಾವ, ಹೆಸರು ಲಕ್ಕಣ್ಣ. ಈ ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವನಿಲ್ಲ ಅಂತ ನಾನಾಗಿ ಹೇಳಿಕೊಳ್ಳುವುದಿಲ್ಲ. ಬೇರೆ ಯಾರಾದರೂ ಹೇಳಲಿ ಅಂತ ಐವತ್ತೆರಡು ವರ್ಷದಿಂದ ಕಾಯುತ್ತಿದ್ದೇನೆ, ಅಷ್ಟೆ.

ಅಕ್ಕನ ಹೆಸರು ದ್ಯಾವೀರಮ್ಮ. ಮಗನ ಹೆಸರು ಬೋರಲಿಂಗ. ಇಪ್ಪತ್ತಾರು ವರ್ಷ, ಆರಡಿ ಎತ್ತರ, ಬೆಲ್ಲದಂಥ ಮನಸ್ಸು. ಹೇಳಿದ್ದನ್ನು ಮಾಡುತ್ತಾನೆ. ತೊಂದರೆಯೂ ಅದೇ. ಹೇಳಿದ್ದನ್ನೇ ಮಾಡುತ್ತಾನೆ. ಒಲೆಯ ಮೇಲೆ ಹಾಲಿಟ್ಟು ‘ಉಕ್ಕುತ್ತೆ, ನೋಡ್ತಿರು’ ಅಂದರೆ ಉಕ್ಕಿ ಒಲೆ ಆರುವ ತನಕ ಕಣ್ಣು ಮಿಟುಕಿಸದೆ ನೋಡುತ್ತಾನೆ.

“ಉಕ್ತೇನೋ?”

“ಚೆನ್ನಾಗಿ ಉಕ್ತು ಅವ್ವ.”

ಅಕ್ಕ ತಲೆ ಚಚ್ಚಿಕೊಳ್ಳುತ್ತಾಳೆ. “ಇವನನ್ನ ಹೆತ್ತು ನಾನೇನು ಸಾಧಿಸಿದೆ ಲಕ್ಕಣ್ಣ? ಒಂದು ಕುಂಬಳಬಳ್ಳಿ ಹಾಕಿದ್ದಿದ್ರೆ ಕಾಯಾದರೂ ಬಿಡೋದು.”

ಮಾತಿಗೆ ಅಂದಳು, ಆಮೇಲೆ ನಿಜವಾಗಿಯೂ ಹಾಕಿದಳು. ಅದಕ್ಕೊಂದು ಕಾರಣ ಇತ್ತು. ನಮ್ಮ ತಾಲ್ಲೂಕಿನಲ್ಲಿ ವರ್ಷಕ್ಕೊಂದು ಸಲ ಹಣ್ಣು ತರಕಾರಿ ಪ್ರದರ್ಶನ ನಡೆಯುತ್ತೆ. ಎಲ್ಲಕ್ಕಿಂತ ದೊಡ್ಡ ಬೂದುಗುಂಬಳ ತಂದವರಿಗೆ ಒಂದು ತಾಮ್ರದ ಹಂಡೆ. ಮೂರು ವರ್ಷದಿಂದ ಆ ಹಂಡೆ ಬೇಲಿಯಾಚೆ ಮನೆಯ ಜವರಮ್ಮನ ಪಾಲು. ಪ್ರತಿ ಶುಕ್ರವಾರ ಆಕೆ ಮೂರೂ ಹಂಡೆಗಳನ್ನು ಜಗುಲಿಗೆ ತಂದು ಹುಣಿಸೆಹಣ್ಣು ಹಾಕಿ ಉಜ್ಜುತ್ತಾಳೆ. ಒಳಗೂ ಉಜ್ಜಬಹುದು. ಉಜ್ಜುವುದಿಲ್ಲ. ಅಕ್ಕ ನೀರಿಗೆ ಹೊರಟ ಹೊತ್ತು ನೋಡಿಯೇ ಹೊರಗೆ ಬರುತ್ತಾಳೆ.

“ದ್ಯಾವೀರಕ್ಕ, ಈ ಸಲ ನೀನೂ ಬಳ್ಳಿ ಹಾಕಿದೀಯಂತೆ?”

“ಹೂಂ.”

“ಹಾಕು ಹಾಕು. ಮಜ್ಜಿಗೆಹುಳಿಗೆ ಆಗುತ್ತೆ.”

ಆ ಮಾತು ಅಕ್ಕನಿಗೆ ಮುಳ್ಳಿನ ಹಾಗೆ ಚುಚ್ಚಿತು. ಒಂದು ಹಂಡೆ ತನ್ನ ಜಗುಲಿಯಲ್ಲೂ ಹೊಳೆಯಬೇಕು, ಒಂದೇ ಒಂದು ಶುಕ್ರವಾರ ತಾನೂ ಅದನ್ನು ಉಜ್ಜುತ್ತಾ ಜವರಮ್ಮನನ್ನು ಮಾತಾಡಿಸಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ. ಬೀಜ ನಾನು ಕೊಟ್ಟೆ. ಬುದ್ಧಿಯನ್ನೂ ನಾನೇ ಕೊಟ್ಟೆ. ನನ್ನ ಹಳೇ ಫೋನು ಬೋರನಿಗೆ ಕೊಟ್ಟು, ‘ಹಿತ್ತಲ ಗೆಳೆಯರು’ ಅನ್ನೋ ಗುಂಪಿಗೆ ಸೇರಿಸಿದೆ. ಫೋನಿನ ಗಾಜು ಒಡೆದಿತ್ತು, ಗುಂಪು ಗಟ್ಟಿಯಾಗಿತ್ತು. ಒಂಬೈನೂರು ಜನ. ಒಬ್ಬ ಮಲ್ಲಿಗೆ ಹಾಕುತ್ತಾನೆ, ಇನ್ನೊಬ್ಬಳು ಡಬ್ಬದಲ್ಲಿ ಟೊಮೇಟೊ ಬೆಳೆಯುತ್ತಾಳೆ, ಮತ್ತೊಬ್ಬ ಏನೂ ಬೆಳೆಯದೆ ಬೆಳಿಗ್ಗೆ ಬೆಳಿಗ್ಗೆ ಶುಭೋದಯ ಹಾಕುತ್ತಾನೆ. ಎಲ್ಲರ ಮೇಲೆ ಅಡ್ಮಿನ್ ಮರಿಸ್ವಾಮಿ ಮೇಷ್ಟ್ರು, ನಿವೃತ್ತ ಡ್ರಿಲ್ ಮೇಷ್ಟ್ರು. ಸೀಟಿ ಒಂದಿಲ್ಲ ಅಷ್ಟೆ.

“ನೋಡ್ಲಾ ಬೋರ,” ಅಂದೆ. “ಏನು ಅನುಮಾನ ಬಂದ್ರೂ ಇದರಲ್ಲಿ ಕೇಳು. ಒಂಬೈನೂರು ತಲೆ ನಿನ್ನ ಪರವಾಗಿ ಯೋಚನೆ ಮಾಡ್ತವೆ.”

“ನನ್ನ ತಲೆ ಮಾವ?”

“ಅದಕ್ಕೆ ರಜ ಕೊಡು.”

ಕೊಟ್ಟ. ಹೇಳಿದ್ದನ್ನು ಮಾಡುವವನಲ್ಲವೇ.

ಬಳ್ಳಿ ಹಬ್ಬಿ ಕೊಟ್ಟಿಗೆಯ ಮಾಡು ಹತ್ತಿತು. ಹೂ ಬಿಟ್ಟಿತು. ಬೆರಳುದ್ದದ ಹೀಚುಗಳು ಕಾಣಿಸಿಕೊಂಡವು. ಕಾಣಿಸಿಕೊಂಡ ಹಾಗೇ ಒಂದೊಂದೇ ಉದುರತೊಡಗಿದವು. ಅಕ್ಕ ಗಾಬರಿಯಾದಳು. “ಲೇ ಬೋರ, ಉದುರ್ತಾ ಅದೆ, ಏನ್ಮಾಡೋದು ಅಂತ ಗುಂಪಲ್ಲಿ ಕೇಳ್ಲಾ.”

ಬೋರ ಕೇಳಿದ. ಅವ್ವ ಅಂದದ್ದಕ್ಕೆ ಒಂದಕ್ಷರ ಸೇರಿಸಲಿಲ್ಲ, ಒಂದಕ್ಷರ ಬಿಡಲಿಲ್ಲ. ‘ಉದುರ್ತಾ ಅದೆ. ಏನ್ಮಾಡೋದು?’

ಒಬ್ಬ ಹೆಂಗಸು ತಕ್ಷಣ ಉತ್ತರ ಕೊಟ್ಟಳು. ‘ಅಯ್ಯೋ ತಮ್ಮ, ನನಗೂ ಹಾಗೇ ಆಗ್ತಿತ್ತು. ಕೊಬ್ಬರಿ ಎಣ್ಣೆಗೆ ಕರಿಬೇವು, ಮೆಂತ್ಯ ಹಾಕಿ ಕಾಯಿಸಿ, ಬುಡಕ್ಕೆ ಬೆರಳಿನಿಂದ ಚೆನ್ನಾಗಿ ತಿಕ್ಕಿ. ವಾರಕ್ಕೆರಡು ಸಲ.’

ಬೋರ ಎಣ್ಣೆ ಕಾಯಿಸಿದ. ಬಳ್ಳಿಯ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೆರಳಿನಿಂದ ತಿಕ್ಕಿದ. ಮಾಡಿನ ಮೇಲೆ ಹತ್ತಿ ತುದಿಗೂ ತಿಕ್ಕಿದ. ಸಂಜೆಯ ಹೊತ್ತಿಗೆ ಊರಿನ ಇರುವೆಯೆಲ್ಲ ನಮ್ಮ ಅಕ್ಕನ ಹಿತ್ತಲಿಗೆ ಬಂದು ಇಳಿಯಿತು.

“ಇದೇನ್ಲಾ ಮಾಡಿದೀಯ?”

“ಎಣ್ಣೆ ಹಚ್ಚಿದೀನಿ ಅವ್ವ. ನಾಳೆ ಸೀಗೆಪುಡಿ.”

ಅಕ್ಕ ಬೈದಳು. ಬೂದಿ ಎರಚಿ ಎರಚಿ ಬೈದಳು. ಬೋರ ಹೋಗಿ ಗುಂಪಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದ. ಮರಿಸ್ವಾಮಿ ಮೇಷ್ಟ್ರೂ ಬೈದರು. ‘ಪ್ರಶ್ನೆ ಕೇಳುವ ರೀತಿಯೇನಪ್ಪ ಇದು? ಮೊದಲು ನೀನು ಯಾರು, ಯಾವ ಊರು, ಮಣ್ಣು ಎಂಥದ್ದು, ನೀರೆಷ್ಟು, ಬಿಸಿಲೆಷ್ಟು, ಎಲ್ಲ ಮೊದಲಿಂದ ಹೇಳಬೇಕು. ಕಡೆಯಲ್ಲಿ ಪ್ರಶ್ನೆ. ಈ ಕ್ರಮ ತಪ್ಪಬಾರದು.’

“ತಪ್ಪಿಸಲ್ಲ ಮೇಷ್ಟ್ರೇ,” ಅಂದುಕೊಂಡ ಬೋರ.

ಇರುವೆ ಹೋದವು. ಪುಣ್ಯಕ್ಕೆ ಬಳ್ಳಿ ಸಾಯಲಿಲ್ಲ. ಉದುರಿ ಉಳಿದ ಕಾಯಿ ಆರು. ಐದು ಕೆಳಗೆ ಬೇಲಿಯ ಪಕ್ಕ, ಒಂದು ಮೇಲೆ ಮಾಡಿನ ಮೇಲೆ. ಒಂದು ಬೆಳಿಗ್ಗೆ ಅಕ್ಕ ರೊಟ್ಟಿ ತಟ್ಟುತ್ತಾ ಕಿಟಕಿಯಿಂದ ನೋಡುತ್ತಾಳೆ, ಜವರಮ್ಮನ ಮೇಕೆ ಬೇಲಿ ನುಸುಳಿ ಬಳ್ಳಿಗೆ ಬಾಯಿ ಹಾಕಿದೆ. ಕೈಯೆಲ್ಲ ಹಿಟ್ಟು.

“ಲೇ ಬೋರ, ಓಡೋ. ಜವರಮ್ಮಂಗೆ ಹೇಳು, ಮೇಕೆ ಹಿಡ್ಕೊ ಅಂತ.”

ಬೋರ ಓಡಿದ. ಓಡಿದ್ದರಲ್ಲಿ ತಪ್ಪಿಲ್ಲ. ಜವರಮ್ಮ ಜಗುಲಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೋರ ಎದುರು ನಿಂತು ಕೈ ಮುಗಿದ.

“ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಬೋರಲಿಂಗ.”

ಜವರಮ್ಮ ಮೊರ ಕೆಳಗಿಟ್ಟಳು. “ಗೊತ್ತು ಕಣ್ಲಾ. ನಿನ್ನ ತೊಟ್ಟಿಲು ತೂಗಿದೋಳು ನಾನು.”

“ಊರು ಕಡ್ಲೇಪುರ.”

“ಮೈ ಹುಷಾರಾಗಿದೀಯಾ?”

“ಅಲ್ಲಿಗೆ ಬರ್ತೀನಿ ಅತ್ತೆ. ಮಣ್ಣು ಕೆಂಪು. ನೀರು ನಲ್ಲೀದು, ಎರಡು ದಿನಕ್ಕೊಂದು ಸಲ. ಬಿಸಿಲು ಬೆಳಿಗ್ಗೆ ಪೂರ್ತಿ, ಮಧ್ಯಾಹ್ನ ಅರ್ಧ. ಬೀಜ ಮಾವ ಕೊಟ್ಟಿದ್ದು. ಗೊಬ್ಬರ ನಮ್ಮ ಹಸೂದೇ. ಹಸುವಿಗೆ ನಾಲ್ಕು ವರ್ಷ.”

“ಏನಾಯ್ತು ಹೇಳ್ಲಾ, ನಂಗೆ ಕೆಲಸ ಅದೆ.”

“ಈಗ ಪ್ರಶ್ನೆ. ನಿಮ್ಮ ಮೇಕೆ ನಮ್ಮ ಬಳ್ಳಿ ತಿಂತಾ ಇದೆ. ಇದಕ್ಕೆ ಪರಿಹಾರ ಏನು? ಬಲ್ಲವರು ದಯವಿಟ್ಟು ತಿಳಿಸಿ.”

ಬಲ್ಲವರು ಎದ್ದು ಬರುವಷ್ಟರಲ್ಲಿ ಮೇಕೆ ಕೆಳಗಿನ ಐದು ಕಾಯನ್ನೂ ಮುಗಿಸಿ ಬೇಲಿಗೆ ಮೈ ಉಜ್ಜಿಕೊಳ್ಳುತ್ತಿತ್ತು. ಮಾಡಿನ ಮೇಲಿನ ಒಂದು ಉಳಿಯಿತು. ಅದಕ್ಕೆ ಏಣಿ ಬೇಕಿತ್ತು, ಮೇಕೆ ತಂದಿರಲಿಲ್ಲ.

ಅಕ್ಕ ಹಿಟ್ಟಿನ ಕೈಯಲ್ಲೇ ಹಣೆ ಹಣೆ ಬಡಿದುಕೊಂಡಳು. ಬೋರ ಗುಂಪಿನಲ್ಲಿ ಮೇಕೆಯ ಕತೆಯನ್ನು ನಮಸ್ಕಾರದಿಂದ ಶುರು ಮಾಡಿ ಮೂರು ಅಂಗೈಯಷ್ಟುದ್ದ ಬರೆದ. ಯಾರೂ ಓದಲಿಲ್ಲ. ಮೇಷ್ಟ್ರು ಮತ್ತೆ ಬೈದರು. ‘ಇಷ್ಟುದ್ದ ಯಾರಪ್ಪ ಓದುತ್ತಾರೆ? ಮಾತು ಬಿಡು. ಏನೇ ಆದರೂ ಒಂದು ಫೋಟೊ ತೆಗೆದು ಹಾಕು. ಹತ್ತಿರದಿಂದ ಒಂದು, ದೂರದಿಂದ ಒಂದು. ನೋಡಿದವರಿಗೆ ತಾನೇ ತಿಳಿಯುತ್ತೆ.’

ಈಗ ನಾನೊಂದು ಮಾತು ಹೇಳಬೇಕು. ಆ ಮೇಕೆಯಿಂದ ಒಳ್ಳೆಯದೇ ಆಯಿತು. ಬಳ್ಳಿಯ ಬಲವೆಲ್ಲ ಉಳಿದ ಒಂದೇ ಕಾಯಿಗೆ ಹೋಯಿತು. ಅದು ತಲೆಯಷ್ಟಾಯಿತು, ಕೊಡದಷ್ಟಾಯಿತು, ಕುರಿಮರಿಯಷ್ಟಾಯಿತು. ನಾನು ಹೋಗಿ ಹೋಗಿ ಅಳೆಯುತ್ತಿದ್ದೆ. ಎರಡು ತೋಳು ಚಾಚಿ ತಬ್ಬಿದರೆ ಬೆರಳು ಬೆರಳಿಗೆ ತಾಗುತ್ತಿರಲಿಲ್ಲ, ಮತ್ತು ನನ್ನ ತೋಳು ಗಿಡ್ಡ ಅಂತ ಹೇಳಿದವನು ನನ್ನೆದುರು ಬರಲಿ. ಬೀಜ ನನ್ನದು ಅಂತ ಮೊದಲೇ ಹೇಳಿದೆನಲ್ಲ.

ಜವರಮ್ಮನೂ ಬೇಲಿಯ ಮೇಲಿಂದ ನೋಡಿದಳು. ಮಜ್ಜಿಗೆಹುಳಿ ಮಾತು ನಿಂತಿತು. ಆ ಶುಕ್ರವಾರ ಹಂಡೆಗಳನ್ನು ಒಳಗೇ ಉಜ್ಜಿದಳು. ಅಕ್ಕ ಅವತ್ತು ನೀರಿಗೆ ಎರಡು ಸಲ ಜಾಸ್ತಿ ಹೋಗಿಬಂದಳು.

ಕಾಯಿ ಭಾರವಾಗಿ ಹೆಂಚು ಕಿರುಗುಟ್ಟತೊಡಗಿತು. ಅದರ ಕೆಳಗೆ ಹುಲ್ಲಿನ ಸಿಂಬೆ ಇಡಬೇಕು ಅಂತ ಅಕ್ಕ ಏಣಿ ಹತ್ತಿದಳು. ಸಿಂಬೆ ಇಟ್ಟಳು. ಇಳಿಯುವಾಗ ಏಣಿ ಜಾರಿತು. ಅಕ್ಕ ಮಾಡಿನ ತೊಲೆ ಹಿಡಿದು ಜೋತುಬಿದ್ದಳು.

“ಲೇ ಬೋರ, ಬಿದ್ದೆ ಕಣೋ. ಬೇಗ ಬಾರೋ.”

ಬೋರ ಬಂದ. ಬೇಗನೇ ಬಂದ. ಬಂದು ಫೋನು ತೆಗೆದ.

“ಅವ್ವ, ಸ್ವಲ್ಪ ಈ ಕಡೆ ತಿರುಗು.”

“ಏಣಿ ಎತ್ತೋ.”

“ಏಣಿ ಬಂದಿದೆ ಅವ್ವ ಫೋಟೊದಲ್ಲಿ. ನಿನ್ನ ಮುಖಾನೇ ಬರ್ತಿಲ್ಲ.”

ಹತ್ತಿರದಿಂದ ಒಂದು ತೆಗೆದ. ಹಿಂದೆ ಹಿಂದೆ ಹೋಗಿ ದೂರದಿಂದ ಒಂದು ತೆಗೆದ. ಗುಂಪಿಗೆ ಹಾಕಿದ. ಮಾತು ಬಿಡು ಅಂದಿದ್ದರಲ್ಲ, ಒಂದು ಮಾತೂ ಬರೆಯಲಿಲ್ಲ. ಅಕ್ಕ ಜೋತಾಡುತ್ತಿದ್ದಾಳೆ, ಇವನು ಕೆಳಗೆ ನಿಂತು ಬಂದ ಉತ್ತರ ಓದಿ ಹೇಳುತ್ತಿದ್ದಾನೆ.

“ನಲವತ್ತು ಜನ ಹೆಬ್ಬೆರಳು ಎತ್ತಿದಾರೆ ಅವ್ವ. ‘ಅಮ್ಮನ ಉತ್ಸಾಹಕ್ಕೆ ವಂದನೆ’ ಅಂತೆ. ‘ಈ ವಯಸ್ಸಿನಲ್ಲೂ ವ್ಯಾಯಾಮ, ನಮಗೆಲ್ಲ ಮಾದರಿ’ ಅಂತೆ. ಇನ್ನೊಬ್ಬರು ಕೇಳ್ತಿದಾರೆ, ‘ಹಿಂದೆ ಕಾಣ್ತಿರೋ ಕಾಯಿ ಚೆನ್ನಾಗಿದೆ, ಯಾವ ತಳಿ?’”

“ನನ್ನ ಕೈ ಸೋತು ಬರ್ತಿದೆ ಕಣೋ ಪಾಪಿ.”

“ಅದನ್ನ ಯಾರೂ ಹೇಳಿಲ್ಲ ಅವ್ವ.”

ಅಷ್ಟರಲ್ಲಿ ನಾನು ಬಂದೆ. ಒಂಟಿ ಕೈಯಲ್ಲಿ ಅಕ್ಕನನ್ನು ಇಳಿಸಿದೆ. ಸರಿಯಾಗಿ ಹೇಳಬೇಕೆಂದರೆ ನಾನು ಕೆಳಗೆ ಹೋಗಿ ನಿಂತೆ, ಅವಳು ನನ್ನ ಮೇಲೆ ಬಿದ್ದಳು. ಬೆನ್ನು ಇವತ್ತಿಗೂ ಮೋಡ ಕವಿದರೆ ಹೇಳುತ್ತೆ.

ಬಿದ್ದಲ್ಲಿಂದಲೇ ಅಕ್ಕ ಬೈದಳು. “ಕಣ್ಣೆದುರಿಗಿರೋದು ಬಿಟ್ಟು ಫೋನಲ್ಲಿ ಯಾವ ಊರಿನವರದೋ ಹೆಬ್ಬೆಟ್ಟು ನೋಡ್ತಾ ನಿಂತಿದೀಯಲ್ಲೋ. ಯಾವನೋ ಒಬ್ಬ ಫೋಟೊ ತೆಗಿ ಅಂದ ಅಂತ ನಂಬೋದಾ? ನಾಕಾರು ಜನ ಏನಂತಾರೆ ಕೇಳ್ಬೇಕು. ಜಾಸ್ತಿ ಜನ ಹೇಳಿದ್ದು ಮಾಡ್ಬೇಕು.”

“ಹೂಂ ಅವ್ವ. ಜಾಸ್ತಿ ಜನ.”

ಜಾಸ್ತಿ ಜನ ಬೇಕಾದದ್ದು ಎಂಟೇ ದಿನದಲ್ಲಿ. ಅಕ್ಕ ಕೊಟ್ಟಿಗೆಯ ಮುಂದೆ ಬಿಸಿಲಲ್ಲಿ ಚಾಪೆ ಹಾಸಿ ಸಂಡಿಗೆ ಒಣಹಾಕಿ, ಬೋರನನ್ನು ಕಾವಲಿಗೆ ಕೂರಿಸಿ, ಗಿರಣಿಗೆ ಹೋಗಿದ್ದಳು. ಕೋತಿ ಬಂತು. ಒಂದಲ್ಲ, ಏಳು. ಅದರಲ್ಲೊಂದು ಗಡವ ನೇರ ಹೋಗಿ ಕುಂಬಳಕಾಯಿಯ ಮೇಲೆ ಕೂತಿತು, ಪಂಚಾಯಿತಿ ಅಧ್ಯಕ್ಷರು ಕುರ್ಚಿ ಮೇಲೆ ಕೂತ ಹಾಗೆ.

ಬೋರನ ಕೈಯಲ್ಲಿ ಕೋಲಿತ್ತು. ಕೋಲು ಪಕ್ಕಕ್ಕಿಟ್ಟು ಫೋನು ಹಿಡಿದ. ‘ಕೋತಿ ಬಂದಿದೆ. ಓಡಿಸಬೇಕೋ, ಬೇಡವೋ? ಜಾಸ್ತಿ ಜನ ಹೇಳಿದ್ದು ಮಾಡುತ್ತೇನೆ.’

ಒಬ್ಬ ಬರೆದ, ಓಡಿಸಿ. ಇನ್ನೊಬ್ಬ ಬರೆದ, ಹನುಮಪ್ಪನ ರೂಪ, ಕೈ ಎತ್ತಬೇಡಿ. ಮತ್ತೊಬ್ಬ ಬರೆದ, ನಿಮ್ಮ ಮನೆ ಹೆಂಚು ಒಡೆದಿದ್ದರೆ ರೂಪ ಗೊತ್ತಾಗುತ್ತಿತ್ತು. ಒಬ್ಬಾಕೆ, ಬಾಳೆಹಣ್ಣು ಕೊಡಿ ಪಾಪ ಅಂದಳು. ಇನ್ನೊಬ್ಬಾಕೆ, ಬಾಳೆಹಣ್ಣು ಕೊಟ್ಟವರಿಂದಲೇ ಊರು ಹಾಳಾಗಿದ್ದು ಅಂದಳು. ಯಾರೋ ಯಾರಿಗೋ ‘ನಿನ್ನಂಥವನು’ ಅಂದ. ‘ಯಾರಿಗೆ ಹೇಳಿದ್ದು?’ ಅಂತ ಹನ್ನೊಂದು ಜನ ಎದ್ದು ಕೇಳಿದರು. ಆ ಗಲಾಟೆಯಲ್ಲೇ ಒಬ್ಬ ‘ಶುಭೋದಯ’ ಅಂದ.

ಬೋರ ನೆಲದ ಮೇಲೆ ಇದ್ದಿಲಲ್ಲಿ ಗೆರೆ ಎಳೆದು ಎಣಿಸುತ್ತಾ ಕೂತ. ಓಡಿಸು, ಮೂವತ್ತೊಂದು. ಬೇಡ, ಮೂವತ್ತೊಂದು. ಏಳು ಕೋತಿ ಸಂಡಿಗೆ ತಿಂದವು, ಚಾಪೆ ಎಳೆದಾಡಿದವು, ಇವನ ಬುತ್ತಿ ಬಿಚ್ಚಿ ರೊಟ್ಟಿ ಹಂಚಿಕೊಂಡವು. ಗಡವ ಕಾಯಿಯ ಮೇಲೆ ಕೂತು ಎರಡು ಕಡೆ ಪರಚಿತು. ಬೋರ ತಲೆ ಎತ್ತಿ, “ಇನ್ನೊಬ್ಬರು ಹೇಳ್ಬೇಕು, ತಡಿ ತಡಿ,” ಅಂದನಂತೆ, ಕೋತಿಗೆ.

ನಾನು ಆ ಹೊತ್ತಿಗೆ ಹೋಗಿ ಏಳನ್ನೂ ಓಡಿಸಿದೆ. ನನ್ನ ಮುಖ ನೋಡಿದ್ದೇ ಓಡಿದವು, ಅದರಲ್ಲಿ ನನಗೆ ಹೆಚ್ಚುಗಾರಿಕೆಯೇನಿಲ್ಲ. ಕಾಯಿಗೆ ಎರಡು ಗೀರು ಬಿಟ್ಟರೆ ಏನೂ ಆಗಿರಲಿಲ್ಲ. ಬೋರನನ್ನು ಎದುರು ಕೂರಿಸಿಕೊಂಡೆ. ಅಕ್ಕ ಬೈದಾಗಿತ್ತು, ಮೇಷ್ಟ್ರು ಬೈದಾಗಿತ್ತು. ಈಗ ತಿಳಿದವನೊಬ್ಬ ತಿಳಿಸಿ ಹೇಳಬೇಕಿತ್ತು.

“ನೋಡ್ಲಾ ಬೋರ. ಎಣಿಸ್ತಾ ಕೂತ್ರೆ ಕೆಲಸ ಆಗಲ್ಲ. ಮೊದಲು ಬಂದ ಉತ್ತರ ಹಿಡ್ಕೊ. ಅದು ಬೇಕು, ಇದು ಬೇಕು ಅಂತ ಹುಡುಕ್ಕೊಂಡು ಹೋಗ್ಬೇಡ, ಕೈಗೆ ಹತ್ತಿರ ಇರೋದ್ರಲ್ಲೇ ತಕ್ಷಣ ಮಾಡಿ ಮುಗಿಸು. ಇನ್ನೊಬ್ಬರ ವಸ್ತು ಮುಟ್ಬೇಡ. ಮುಗಿದ ಮೇಲೆ ‘ಬಗೆಹರಿದಿದೆ’ ಅಂತ ಗುಂಪಲ್ಲಿ ಬರಿ, ಪಾಪ ಅವರೂ ಕಾಯ್ತಿರ್ತಾರೆ.”

ಬೋರ ನಾಲ್ಕು ಬೆರಳು ಮಡಿಚಿ ಮನಸ್ಸಿನಲ್ಲಿಟ್ಟುಕೊಂಡ. ಎಂಥ ಸೊಗಸಾದ ಮಾತು ಹೇಳಿದೆ ಅಂತ ನಾನೇ ಎರಡು ದಿನ ಬೀಗಿದೆ.

ಪ್ರದರ್ಶನದ ದಿನ ಬಂತು. ನನ್ನ ಗೂಡ್ಸ್ ಆಟೊದಲ್ಲಿ ಹಾಸಿಗೆ ಹಾಸಿ, ಕಾಯನ್ನು ಬಾಣಂತಿಯ ಹಾಗೆ ಮಲಗಿಸಿ, ಅಕ್ಕ ಒಂದು ಕಡೆ, ಬೋರ ಒಂದು ಕಡೆ ಹಿಡಿದು ಕೂತರು. ನಡೆದುಹೋಗುವವರು ನಮ್ಮನ್ನು ದಾಟಿಹೋಗುವಷ್ಟು ನಿಧಾನ ಓಡಿಸಿದೆ. ಶಾಲೆಯ ಮೈದಾನದಲ್ಲಿ ಶಾಮಿಯಾನ. ನಾಲ್ಕು ಜನ ಹೊತ್ತು ತೂಕಕ್ಕಿಟ್ಟರು. ಮೂವತ್ತನಾಲ್ಕು ಕೆ.ಜಿ. ಜವರಮ್ಮನದು ಇಪ್ಪತ್ತೊಂಬತ್ತು. ಉಳಿದವರದು ಲೆಕ್ಕಕ್ಕಿಲ್ಲ. ತೀರ್ಪುಗಾರರು ಬಂದು ತಾವೇ ಇನ್ನೊಮ್ಮೆ ತೂಗಿ ಬರೆದುಕೊಳ್ಳುವುದೊಂದೇ ಬಾಕಿ. ಅದಕ್ಕೆ ಅರ್ಧ ಗಂಟೆ. ಮೇಜಿನ ಮೇಲೆ ಹಂಡೆ ಹೊಳೆಯುತ್ತಾ ಕೂತಿತ್ತು. ಅಕ್ಕ ಅದನ್ನು ನೋಡಿದಳು. ಸೆರಗಿನ ತುದಿಯಲ್ಲಿ ಹುಣಿಸೆಹಣ್ಣಿನ ಉಂಡೆ ಕಟ್ಟಿಕೊಂಡು ಬಂದಿದ್ದಾಳೆ ಅಂತ ನನಗೆ ಆಗ ಕಂಡಿತು.

ಜನ ಮುತ್ತಿಕೊಂಡರು. ಏನು ಗಾತ್ರ ಮಾರಾಯ ಅಂದರು. ಮಕ್ಕಳನ್ನು ಪಕ್ಕದಲ್ಲಿ ನಿಲ್ಲಿಸಿ ಅಳೆದರು. ಒಬ್ಬ ಹೆಂಗಸು ಬಾಯಿಗೆ ಸೆರಗಿಟ್ಟುಕೊಂಡು ಉಸ್ಸೆಂದು ಉಸಿರುಬಿಟ್ಟಳು. ಅಕ್ಕ ಬೋರನ ತೋಳು ಹಿಡಿದೆಳೆದಳು.

“ಲೇ ಬೋರ, ಎಲ್ಲರ ಕಣ್ಣೂ ಬೀಳ್ತಿದೆ ಕಣ್ಲಾ. ಕಾಯಿಗೆ ದೃಷ್ಟಿ ಆಗುತ್ತೆ. ನಾನು ಮುಖ ತೊಳ್ಕೊಂಡು ಬರೋದ್ರೊಳಗೆ ಕಾಯಿಗೆ ದೃಷ್ಟಿ ತೆಗೆದಿರು.”

ಉಪ್ಪು ಮೆಣಸಿನಕಾಯಿ ಪೊಟ್ಟಣ ಅವಳ ಚೀಲದಲ್ಲೇ ಇತ್ತು. ಚೀಲ ಅವಳ ಹೆಗಲಲ್ಲಿತ್ತು. ಅವಳು ನಲ್ಲಿಯ ಕಡೆ ಹೋದಳು. ನಾನು ಗೆದ್ದವಳ ಕೊರಳಿಗೆ ಅಂತ ಸೇವಂತಿಗೆ ಹಾರ ತರಲು ಹೋದೆ.

ಬೋರ ಗುಂಪಿನಲ್ಲಿ ಕೇಳಿದ. ‘ದೃಷ್ಟಿ ತೆಗೆಯುವುದು ಹೇಗೆ?’

ಮೊದಲ ಉತ್ತರ ಮರಿಸ್ವಾಮಿ ಮೇಷ್ಟ್ರದ್ದೇ. ‘ಸುಲಭ. ಒಂದು ಒಳ್ಳೆಯ ಬೂದುಗುಂಬಳ ತೆಗೆದುಕೊ. ತಿರುಳಿಗೆ ಕುಂಕುಮ ತುಂಬು, ಮೇಲೆ ಕರ್ಪೂರ ಹಚ್ಚು, ಮೂರು ಸುತ್ತು ಸುತ್ತಿಸಿ ಬಾಗಿಲಲ್ಲಿ ಒಡೆ. ಕಾಯಿ ದೊಡ್ಡದಾದಷ್ಟೂ ಒಳ್ಳೆಯದು.’

ಬೋರ ಸುತ್ತ ನೋಡಿದ. ಸಾಲಿನಲ್ಲಿ ಹದಿನಾಲ್ಕು ಬೂದುಗುಂಬಳ ಇದ್ದವು. ಹದಿಮೂರು ಬೇರೆಯವರದು, ಮುಟ್ಟಬಾರದು. ಒಂದು ಅವನದು, ಎಲ್ಲಕ್ಕಿಂತ ದೊಡ್ಡದು, ಕೈಗೆ ಹತ್ತಿರ. ಅವನ ಮುಖ ಅರಳಿತಂತೆ. ಇಷ್ಟು ಸಲೀಸಾಗಿ ಎಲ್ಲ ಕೂಡಿಬಂದದ್ದು ಅವನ ಜೀವನದಲ್ಲಿ ಅದೇ ಮೊದಲು.

ಉದ್ಘಾಟನೆಯ ತಟ್ಟೆಯಲ್ಲಿ ಕುಂಕುಮ, ಕರ್ಪೂರ ಇತ್ತು. ಚಾಕು ಹಲಸಿನ ಅಂಗಡಿಯವನು ಕೊಟ್ಟ. ಹೊರಲು ನಾಲ್ಕು ಜನ ತಾವಾಗಿ ಬಂದರು, ಅಷ್ಟು ಭಕ್ತಿಯಿಂದ ಕರೆದನಂತೆ. ಶಾಮಿಯಾನದ ಬಾಗಿಲಿಗೆ ತಂದರು. ಕಾಯನ್ನು ಕಾಯಿಗೇ ಸುತ್ತಿಸುವುದು ಹೇಗೆ? ನೆಲದ ಮೇಲಿಟ್ಟು ಅದನ್ನೇ ಗರಗರ ಮೂರು ಸುತ್ತು ತಿರುಗಿಸಿದ. ಆಗಷ್ಟೇ ಕಾರಿನಿಂದಿಳಿದ ಮುಖ್ಯ ಅತಿಥಿಗಳು ಇದು ತಮ್ಮ ಸ್ವಾಗತಕ್ಕೆ ಅಂದುಕೊಂಡು ಚಪ್ಪಲಿ ಬಿಟ್ಟು ಕೈ ಮುಗಿದು ನಿಂತರು.

ನಾನು ಹಾರ ಹಿಡಿದು ಬರುತ್ತಿದ್ದೆ. ಸದ್ದು ಕೇಳಿಸಿತು. ಅಂಥ ಸದ್ದು ನಮ್ಮ ತಾಲ್ಲೂಕಿನಲ್ಲಿ ಮತ್ತೆ ಆಗಿಲ್ಲ. ಅತಿಥಿಗಳು ಚಪ್ಪಾಳೆ ತಟ್ಟಿದರು.

ಅಕ್ಕ ಮುಖ ಒರೆಸಿಕೊಳ್ಳುತ್ತಾ ಬಂದಳು. ಮೇಜು ನೋಡಿದಳು.

“ಕಾಯೆಲ್ಲೋ?”

“ದೃಷ್ಟಿ ತೆಗೆದೆ ಅವ್ವ.”

“ಯಾವುದಕ್ಕೆ?”

“ಕಾಯಿಗೆ.”

“ಯಾವುದ್ರಲ್ಲಿ ತೆಗೆದೆ?”

“ಕಾಯೀಲಿ.”

ಅಕ್ಕ ಬಾಗಿಲ ಕಡೆ ತಿರುಗಿದಳು. ಬಿಳಿ ತಿರುಳು, ಕೆಂಪು ಕುಂಕುಮ, ಎರಡು ಗೀರಿನ ಸಿಪ್ಪೆ. ಅವಳು ಬೈಯಲಿಲ್ಲ. ನನಗೆ ಭಯವಾದದ್ದು ಅದಕ್ಕೇ. ಹಾಗೇ ನೆಲದ ಮೇಲೆ ಕೂತಳು.

ಜವರಮ್ಮ ಬಂದಳು. ಏನೋ ಅನ್ನುತ್ತಾಳೆ ಅಂತ ನಾನು ತೋಳೇರಿಸಿ ನಿಂತೆ. ಅವಳು ಅಕ್ಕನ ಪಕ್ಕದಲ್ಲಿ ಕುಕ್ಕರಿಸಿ, ತಿರುಳಿನಿಂದ ಒಂದೊಂದೇ ಬೀಜ ಆರಿಸಿ ತನ್ನ ಸೆರಗಿಗೆ ಹಾಕಿಕೊಂಡಳು. “ಇಂಥ ಕಾಯಿ ನಾನು ಕಂಡಿಲ್ಲ ದ್ಯಾವೀರಕ್ಕ,” ಅಂದಳು. “ಬೀಜ ನಿಂಗರ್ಧ, ನಂಗರ್ಧ. ಮುಂದಿನ ವರ್ಷ ಸರಿಯಾಗಿ ನೋಡ್ಕೊಳಾಣ. ಮೇಕೆ ಕಟ್ಟಾಕ್ತೀನಿ.”

ಅಕ್ಕ ಸೆರಗಿನ ಗಂಟು ಬಿಚ್ಚಿ ಹುಣಿಸೆಹಣ್ಣಿನ ಉಂಡೆ ಅವಳ ಕೈಗಿಟ್ಟಳು. “ತಗೊ. ನಾಕನೇ ಹಂಡೆಗಾಗುತ್ತೆ.” ಆಮೇಲೆ ನಿಧಾನವಾಗಿ ತಲೆ ಎತ್ತಿದಳು. “ಈ ಬುದ್ಧಿ ಇವನಿಗೆ ಹೇಳ್ಕೊಟ್ಟೋರು ಯಾರು?”

ಬೋರ ಬಾಯಿ ತೆರೆದ. ನಾನು ಕೈಯಲ್ಲಿದ್ದ ಹಾರವನ್ನು ಲಗುಬಗೆಯಿಂದ ಅವನ ಕೊರಳಿಗೇ ಹಾಕಿಬಿಟ್ಟೆ.

ಅವನಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಒಡೆದ ಕಾಯಿಯ ಫೋಟೊ ತೆಗೆದ, ಹತ್ತಿರದಿಂದ ಒಂದು, ದೂರದಿಂದ ಒಂದು. ಗುಂಪಿಗೆ ಹಾಕಿದ. ‘ಬಗೆಹರಿದಿದೆ’ ಅಂತ ಬರೆದ. ಹೆಬ್ಬೆರಳುಗಳು ಸಾಲುಗಟ್ಟಿ ಬಂದವು. ಅವನು ಓದಿ, ಹಾರ ಸರಿಮಾಡಿಕೊಂಡು, ಅವ್ವನ ಎದುರು ಮಂಡಿಯೂರಿ ಫೋನು ಹಿಡಿದ.

“ಅವ್ವ, ಹೆದರ್ಬೇಡ. ಇಷ್ಟು ದೊಡ್ಡದು ಒಡೆದ ಮೇಲೆ ಇನ್ನು ನಮ್ಮ ಕಾಯಿಗೆ ಏನೂ ಆಗಲ್ವಂತೆ.”